ಬ್ಯಾಂಡ್‌ಸ್ಟ್ಯಾಂಡ್ ಇದೆ, ಬ್ಯಾಂಡ್ ಎಲ್ಲಿ?

ಕಬ್ಬನ್ ಪಾರ್ಕಿನೊಳಗೆ, ಹೈಕೋರ್ಟಿನ ಕೆಂಪು ಕಟ್ಟಡದಿಂದ ಕೂಗಳತೆ ದೂರದಲ್ಲಿ, ಎಂಟು ಮೂಲೆಯ ಒಂದು ಕಬ್ಬಿಣದ ಮಂಟಪ ಇದೆ. ಬ್ಯಾಂಡ್‌ಸ್ಟ್ಯಾಂಡ್. ಬ್ರಿಟಿಷರ ಕಾಲದಲ್ಲಿ ಸಂಜೆ ಹೊತ್ತು ಬ್ಯಾಂಡ್ ನುಡಿಸೋಕೆ ಅಂತಲೇ ಕಟ್ಟಿದ್ದು. ಆಗೊಮ್ಮೆ ಈಗೊಮ್ಮೆ ಅಲ್ಲಿ ಕಾರ್ಯಕ್ರಮ ನಡೆದದ್ದಿದೆ. ಆದರೆ "ಭಾನುವಾರ ನಾಲ್ಕು ಗಂಟೆಗೆ ಹೋಗು, ಯಾರಾದರೂ ಹಾಡ್ತಿರ್ತಾರೆ" ಅಂತ ಸ್ನೇಹಿತರಿಗೆ ಕಣ್ಣುಮುಚ್ಚಿ ಹೇಳೋ ಸ್ಥಿತಿ ಇಲ್ಲ. ವೇದಿಕೆ ಇದೆ, ಕಾರ್ಯಕ್ರಮ ಪಟ್ಟಿ ಇಲ್ಲ, ಕಲಾವಿದರಿಗೆ ಕೊಡೋಕೆ ಅಂತ ಎತ್ತಿಟ್ಟ ದುಡ್ಡಂತೂ ಇಲ್ಲವೇ ಇಲ್ಲ.

ಪಾರ್ಕಿನಲ್ಲಿ ಸಂಗೀತ ಇರಬೇಕಾ ಬೇಡವಾ ಅನ್ನೋ ಜಗಳ ನಮ್ಮಲ್ಲಿ ಆಗಾಗ ಏಳುತ್ತೆ. ನನಗೆ ಮುಖ್ಯ ಅನಿಸೋ ಪ್ರಶ್ನೆ ಬೇರೆ. ಸಂಗೀತಕ್ಕೆ ದುಡ್ಡು ಯಾರು ಕೊಡ್ತಾರೆ, ಗೇಟಿನ ಕೀಲಿ ಯಾರ ಕೈಲಿರುತ್ತೆ? ಈ ಎರಡನ್ನು ಊರು ತಾನೇ ತೀರ್ಮಾನ ಮಾಡದೆ ಬಿಟ್ಟರೆ, ದುಡ್ಡಿರೋ ಯಾರೋ ಬಂದು ತೀರ್ಮಾನ ಮಾಡ್ತಾರೆ.

ಬೆಂಗಳೂರಿನ ಆಡಳಿತಕ್ಕೂ 'ಲೈವ್ ಮ್ಯೂಸಿಕ್' ಅನ್ನೋ ಪದಕ್ಕೂ ಇರೋ ಸಂಬಂಧ ವಿಚಿತ್ರವಾದದ್ದು. ಪೊಲೀಸ್ ಕಮಿಷನರ್ 2005ರಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡೋ ಆದೇಶ ಹೊರಡಿಸಿದರು. ಗುರಿ ಇದ್ದದ್ದು ಲೈವ್ ಬ್ಯಾಂಡ್ ಬಾರ್‌ಗಳು, ಕ್ಯಾಬರೆ, ಡಿಸ್ಕೊಥೆಕ್. ಆ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಜಾರಿಗೆ ಇಳಿದಾಗ ಗಿಟಾರ್ ಹಿಡಿದು ಕೂತ ಹುಡುಗನೂ, ಮೂಲೆಯಲ್ಲಿ ಗಜಲ್ ಹಾಡ್ತಿದ್ದವರೂ ಅದೇ ಬಲೆಗೆ ಸಿಕ್ಕಿದರು. ಎಷ್ಟೋ ಪಬ್ಬು, ರೆಸ್ಟೊರೆಂಟ್‌ಗಳು ವಾರದ ಗಿಗ್ ನಿಲ್ಲಿಸಿಬಿಟ್ಟವು. ಅಂದರೆ ಈ ಊರಲ್ಲಿ ಸಂಗೀತ ಅನ್ನೋದು ಲೈಸೆನ್ಸ್ ವಿಷಯ, ಇಲ್ಲಾ ಕಾನೂನು ಸುವ್ಯವಸ್ಥೆ ವಿಷಯ. ಊರು ಕೊಡಬೇಕಾದ ನಾಗರಿಕ ಸೌಲಭ್ಯ ಅಂತ ಅದನ್ನು ಯೋಚಿಸಿದ್ದೇ ಕಮ್ಮಿ.

ಹಾಗೆ ಯೋಚಿಸಿದ ಒಂದು ಊರಿದೆ. ಅಲ್ಲಿ ಏನು ಸರಿಹೋಯ್ತು, ಏನು ಕೆಟ್ಟಿತು ಎರಡನ್ನೂ ನೋಡಬೇಕು.

ಅಮೆರಿಕದ ಷಿಕಾಗೊ, 1935. ಮಹಾ ಆರ್ಥಿಕ ಕುಸಿತದ ಕಾಲ. ಅದಕ್ಕೂ ಸ್ವಲ್ಪ ಮುಂಚೆ ಟಾಕಿ ಸಿನಿಮಾ ಬಂದು ಮೂಕಿ ಚಿತ್ರಗಳಿಗೆ ಥಿಯೇಟರಿನಲ್ಲಿ ಕೂತು ನುಡಿಸ್ತಿದ್ದ ವಾದ್ಯಗಾರರ ಹೊಟ್ಟೆ ಮೇಲೆ ಹೊಡೆದಿತ್ತು. ಅಲ್ಲಿನ ಸಂಗೀತಗಾರರ ಕಾರ್ಮಿಕ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ. ಭಾರಿ ಜಗಳಗಂಟ ಮನುಷ್ಯ. ಮುಂದೆ 1942ರಲ್ಲಿ ಇಡೀ ದೇಶದ ಸಂಗೀತಗಾರರು ರೆಕಾರ್ಡಿಂಗ್‌ಗೆ ಹೋಗದ ಹಾಗೆ ಮುಷ್ಕರ ಹೂಡಿದವನು ಇವನೇ. ಈ ಪೆಟ್ರಿಲ್ಲೊ ಷಿಕಾಗೊ ಪಾರ್ಕ್ ಡಿಸ್ಟ್ರಿಕ್ಟ್‌ನ ಆಯುಕ್ತರಲ್ಲಿ ಒಬ್ಬನೂ ಆಗಿದ್ದ. ಕೆಲಸ ಇಲ್ಲದ ವಾದ್ಯಗಾರರಿಗೆ ಕೂಲಿ, ಕೈಲಿ ಕಾಸಿಲ್ಲದ ಜನಕ್ಕೆ ಸಂಗೀತ, ಎರಡೂ ಒಂದೇ ಏಟಿಗೆ ಆಗಲಿ ಅಂತ ಗ್ರಾಂಟ್ ಪಾರ್ಕಿನಲ್ಲಿ ಉಚಿತ ಕಛೇರಿಗಳು ಶುರುವಾದವು. ಆ ಗ್ರಾಂಟ್ ಪಾರ್ಕ್ ಸಂಗೀತೋತ್ಸವ ಈಗಲೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತೆ. ದುಡ್ಡು ಕೊಟ್ಟ ಸದಸ್ಯರಿಗೆ ಮುಂದಿನ ಕೆಲವು ಸೀಟು ಮೀಸಲು. ಉಳಿದವರು ಬುತ್ತಿ ತಂದು ಹುಲ್ಲಿನ ಮೇಲೆ ಕೂರ್ತಾರೆ, ಟಿಕೆಟ್ ಇಲ್ಲ.

ಇಲ್ಲಿ ಗಮನಿಸಬೇಕಾದ್ದು, ಇದು ಕಲೆಯನ್ನು ಉದ್ಧಾರ ಮಾಡೋ ಯೋಜನೆಯಾಗಿ ಹುಟ್ಟಲಿಲ್ಲ. ಕೂಲಿಯ ಪ್ರಶ್ನೆಯಾಗಿ ಹುಟ್ಟಿತು. ನಮ್ಮಲ್ಲಿ 'ಯುವ ಪ್ರತಿಭೆಗಳಿಗೆ ವೇದಿಕೆ' ಅಂತ ಬ್ಯಾನರ್ ಕಟ್ಟಿ, ಕೊನೆಗೆ ಒಂದು ಶಾಲು, ಒಂದು ನೆನಪಿನ ಕಾಣಿಕೆ ಕೈಗಿಟ್ಟು ಕಳಿಸ್ತಾರಲ್ಲ, ಅದಕ್ಕೂ ಇದಕ್ಕೂ ಅಜಗಜಾಂತರ. ಮೃದಂಗ ಹೊತ್ತು ಆಟೊದಲ್ಲಿ ಬಂದವನಿಗೆ ಆಟೊ ಚಾರ್ಜೂ ಹುಟ್ಟದ ವೇದಿಕೆಯನ್ನು ಪ್ರೋತ್ಸಾಹ ಅನ್ನೋಕೆ ನನಗಂತೂ ಮನಸ್ಸಿಲ್ಲ.

2004ರಲ್ಲಿ ಷಿಕಾಗೊ ಆ ಕಛೇರಿಗಳಿಗೆ ಹೊಸ ಮನೆ ಕಟ್ಟಿಕೊಟ್ಟಿತು. ರೈಲ್ವೆ ಯಾರ್ಡಿನ ಮೇಲೆ ಎಬ್ಬಿಸಿದ ಮಿಲೇನಿಯಂ ಪಾರ್ಕಿನಲ್ಲಿ, ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಪ್ರಿಟ್ಜ್‌ಕರ್ ಪೆವಿಲಿಯನ್. 4,000 ಸೀಟು, ಹುಲ್ಲುಹಾಸಿನ ಮೇಲೆ ಇನ್ನೂ 7,000 ಜನ ಕೂರಬಹುದು. ಫೋಟೊಗಳಲ್ಲಿ ಎಲ್ಲರ ಕಣ್ಣು ಹೋಗೋದು ಗೆಹ್ರಿಯ ಬಾಗಿದ ಸ್ಟೀಲ್ ಹಾಳೆಗಳ ಕಡೆಗೆ. ಇಂಜಿನಿಯರಿಂಗ್ ಓದಿದ ಚಟಕ್ಕೆ ನನ್ನ ಕಣ್ಣು ಹೋಗೋದು ಹುಲ್ಲುಹಾಸಿನ ಮೇಲೆ ಚಪ್ಪರದ ಹಾಗೆ ಹರಡಿರೋ ಪೈಪುಗಳ ಜಾಲರಿಗೆ. ಸ್ಪೀಕರುಗಳು ನೇತಾಡ್ತಿರೋದು ಅಲ್ಲಿ. ವೇದಿಕೆ ಪಕ್ಕ ಎರಡು ಗೋಪುರ ನಿಲ್ಲಿಸಿ ಕಿವಿ ಹರಿಯೋ ಹಾಗೆ ಬಾರಿಸೋ ಬದಲು, ಸಣ್ಣ ಸ್ಪೀಕರುಗಳನ್ನು ಜನರ ತಲೆ ಮೇಲೆ ಹಂಚಿದ್ದಾರೆ. ದೂರದ ಸ್ಪೀಕರಿಗೆ ಸದ್ದು ಒಂಚೂರು ತಡವಾಗಿ ಹೋಗುತ್ತೆ, ವೇದಿಕೆಯಿಂದ ಗಾಳಿಯಲ್ಲಿ ಬರೋ ಸದ್ದಿನ ಜೊತೆ ತಾಳ ಕೂಡಲಿ ಅಂತ. ಹಿಂದೆ ಕೂತವರಿಗೂ ಸ್ಪಷ್ಟ ಕೇಳುತ್ತೆ, ಅವರಿಗೋಸ್ಕರ ಮುಂದಿನವರ ಕಿವಿ ಒಡೀಬೇಕಾಗಿಲ್ಲ. ಇದನ್ನು ನೆನಪಿಡಿ, ಕಬ್ಬನ್ ಪಾರ್ಕಿಗೆ ಬಂದಾಗ ಬೇಕಾಗುತ್ತೆ.

ಈಗ ಕೆಟ್ಟ ಭಾಗ. ಪಾರ್ಕ್ ಉದ್ಘಾಟನೆಯಾಗಿ ಒಂದೇ ವರ್ಷಕ್ಕೆ, 2005ರ ಸೆಪ್ಟೆಂಬರಿನಲ್ಲಿ, ಟೊಯೋಟಾ ಕಂಪನಿ 8 ಲಕ್ಷ ಡಾಲರ್ ಕೊಟ್ಟು ಮಿಲೇನಿಯಂ ಪಾರ್ಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯಿತು. ಅವತ್ತು ಸಾರ್ವಜನಿಕರಿಗೆ ಪ್ರವೇಶ ಇಲ್ಲ. ತೆರಿಗೆ ಕಟ್ಟಿದವನು ಕಾರ್ ಕಂಪನಿಯ ಪಾರ್ಟಿಗೆ ದಾರಿ ಬಿಟ್ಟು ಹೊರಗೆ ನಿಂತ. ಅದೇ 2005ರಲ್ಲಿ ಪಕ್ಕದ ಗ್ರಾಂಟ್ ಪಾರ್ಕಿಗೆ ಲೊಲ್ಲಪಲೂಜಾ ಬಂತು. ಬೇಲಿ ಹಾಕಿ, ದುಬಾರಿ ಟಿಕೆಟ್ ಇಟ್ಟು ನಡೆಸೋ ರಾಕ್ ಉತ್ಸವ. ಈಗ ಅದು ನಾಲ್ಕು ದಿನದ್ದು. ದಿನಕ್ಕೆ ಸುಮಾರು 1 ಲಕ್ಷ ಜನ. 2022ರಲ್ಲಿ ಇನ್ನೂ 10 ವರ್ಷಕ್ಕೆ ಒಪ್ಪಂದ ಆಯ್ತು. ಪಾರ್ಕ್ ಡಿಸ್ಟ್ರಿಕ್ಟಿಗೆ ಒಳ್ಳೆ ಆದಾಯ, ನಿಜ. ಆದರೆ ಆದಾಯದ ರುಚಿ ಹತ್ತಿದ ಮೇಲೆ ಪಾರ್ಕನ್ನು ನೋಡೋ ದೃಷ್ಟಿಯೇ ಬದಲಾಗುತ್ತೆ. ಅದೇ 2022ರ ಮೇ ತಿಂಗಳಲ್ಲಿ ಮಿಲೇನಿಯಂ ಪಾರ್ಕಿನಲ್ಲಿ 16 ವರ್ಷದ ಹುಡುಗನೊಬ್ಬ ಗುಂಡೇಟಿಗೆ ಸತ್ತ. ಆಗಿನ ಮೇಯರ್ ಲೋರಿ ಲೈಟ್‌ಫುಟ್, ಗುರುವಾರದಿಂದ ಭಾನುವಾರದವರೆಗೆ ಸಂಜೆ 6ರ ನಂತರ ದೊಡ್ಡವರ ಜೊತೆಯಿಲ್ಲದೆ ಹದಿಹರೆಯದವರು ಪಾರ್ಕಿಗೆ ಬರಕೂಡದು ಅಂತ ಆದೇಶ ಮಾಡಿದರು. ಹುಡುಗರನ್ನು ಕಳೆದುಕೊಂಡ ದುಃಖಕ್ಕೆ ಉತ್ತರವಾಗಿ ಹುಡುಗರನ್ನೇ ಹೊರಗಿಟ್ಟರು.

ಒಂದೇ ಊರು, ಅಕ್ಕಪಕ್ಕದ ಪಾರ್ಕು. ಒಂದು ಕಡೆ ಬಿಟ್ಟಿ ಕಛೇರಿ, ಇನ್ನೊಂದು ಕಡೆ ಬೇಲಿ. ಹಾಗಾಗಿ 'ಷಿಕಾಗೊ ಮಾದರಿ' ಅಂತ ಯಾರಾದರೂ ಹೇಳಿದರೆ, ಯಾವ ಷಿಕಾಗೊ ಸ್ವಾಮಿ ಅಂತ ಕೇಳಬೇಕು.

ಬೆಂಗಳೂರಿಗೆ ವಾಪಸ್ ಬರೋಣ. ಇಲ್ಲಿ ಮೊದಲ ತೊಡಕು: ಕೇಳೋದು ಯಾರನ್ನ? ಷಿಕಾಗೊದಲ್ಲಿ ಪಾರ್ಕ್ ಡಿಸ್ಟ್ರಿಕ್ಟ್ ಅಂದರೆ ತನ್ನದೇ ತೆರಿಗೆ ಹಾಕೋ ಅಧಿಕಾರ ಇರೋ ಪ್ರತ್ಯೇಕ ಸಂಸ್ಥೆ. ನಮ್ಮಲ್ಲಿ ಕಬ್ಬನ್ ಪಾರ್ಕ್, ಲಾಲ್‌ಬಾಗ್ ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆ ಕೈಲಿವೆ, 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಅಡಿ. ಬಡಾವಣೆ ಪಾರ್ಕುಗಳು ಪಾಲಿಕೆಯವು. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ. ಕಲಾವಿದರ ವಿಷಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಈ ಎಲ್ಲ ಮೇಜುಗಳನ್ನು ಸುತ್ತೋ ತಾಕತ್ತು ಯಾರಿಗಿರುತ್ತೆ? ಈವೆಂಟ್ ಕಂಪನಿಗೆ ಇರುತ್ತೆ, ಅಲ್ಲಿ ಓಡಾಡೋಕೆ ಸಂಬಳದ ಜನ ಇರ್ತಾರೆ. ಕಾಲೇಜು ಮುಗಿಸಿ ಬ್ಯಾಂಡ್ ಕಟ್ಟಿರೋ ನಾಲ್ಕು ಹುಡುಗಿಯರಿಗೆ ಇರಲ್ಲ. ಎಲ್ಲದಕ್ಕೂ 'ಇಲ್ಲ' ಅನ್ನೋ ಪಾರ್ಕು ಕೊನೆಗೆ ಸಿಗೋದು ದುಡ್ಡಿದ್ದವರಿಗೇ.

ವಾಕಿಂಗ್ ಬರೋ ಹಿರಿಯರ ವಿರೋಧವನ್ನು ನಾನು ಲೇವಡಿ ಮಾಡಲ್ಲ. ಸರ್ಕಾರಿ ಸಮಾರಂಭ ಅಂದರೆ ಏನು ಬರುತ್ತೆ ಅಂತ ಅವರಿಗೆ ಗೊತ್ತು: ಜನರೇಟರ್, ಫ್ಲೆಕ್ಸು, ವಿಐಪಿ ಸೋಫಾ, ಮುಕ್ಕಾಲು ಗಂಟೆ ಸ್ವಾಗತ ಭಾಷಣ, ಮಾರನೇ ದಿನ ಹುಲ್ಲಿನ ಮೇಲೆ ಪ್ಲಾಸ್ಟಿಕ್ ತಟ್ಟೆ. ಹಕ್ಕಿಗಳಿಗೆ ತೊಂದರೆ ಅನ್ನೋದೂ ಸುಳ್ಳಲ್ಲ. ಆದರೆ ಸದ್ದಿನ ವಿಷಯಕ್ಕೆ ಲೆಕ್ಕ ಇದೆ, ಅದನ್ನು ಭಾವನೆಗೆ ಬಿಡಬೇಕಾಗಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು. 2017ರ ತಿದ್ದುಪಡಿ ನಂತರ ಸರ್ಕಾರ ಹಾಗೆ ಘೋಷಿಸಿರಬೇಕು. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಇಬ್ಬರು ಎದುರಾಬದುರು ನಿಂತು ಮಾತಾಡಿದರೆ ಸುಮಾರು 60 ಆಗುತ್ತೆ, ಅಂದರೆ ಮಿತಿ ಎಷ್ಟು ಬಿಗಿ ನೋಡಿ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಹೆಚ್ಚುಕಮ್ಮಿ 6 ಡೆಸಿಬೆಲ್ ಇಳಿಯುತ್ತೆ. ಸ್ಪೀಕರಿನಿಂದ 5 ಮೀಟರಿನಲ್ಲಿ 80 ಇದ್ದರೆ, 40 ಮೀಟರಿಗೆ 62, 160 ಮೀಟರಿಗೆ 50. ದೊಡ್ಡ ಪಿಎ ಸಿಸ್ಟಂ ತಂದು 100 ದಾಟಿಸಿದರೆ ಈ ಲೆಕ್ಕ ಪೂರ್ತಿ ಕೈಕೊಡುತ್ತೆ. ಹಾಗಾಗಿ ಕಬ್ಬನ್ ಪಾರ್ಕಿಗೆ ಸರಿಹೊಂದೋದು ವೀಣೆ, ಕೊಳಲು, ತಂಬೂರಿ ಪದ, ಅಕೌಸ್ಟಿಕ್ ಗಿಟಾರ್. ಜೊತೆಗೆ ಷಿಕಾಗೊದ ಜಾಲರಿಯ ಹಾಗೆ ಜನರ ನಡುವೆ ಹಂಚಿಟ್ಟ ಸಣ್ಣ ಸ್ಪೀಕರುಗಳು. ಮೈಕೇ ಇಲ್ಲದ ಕಾಲದಲ್ಲಿ ಜನ ಸುತ್ತ ನಿಂತು ಕೇಳೋಕೆ ಕಟ್ಟಿದ ಮಂಟಪ ಅದು. ಭಾನುವಾರ ಕೋರ್ಟಿಗೆ ರಜೆ, ಪಾರ್ಕಿನೊಳಗೆ ವಾಹನ ಸಂಚಾರವೂ ಬಂದ್. ಡೊಳ್ಳು, ತಮಟೆ, ರಾಕ್‌ಗೆ ಬೇರೆ ಪಾರ್ಕು ಹುಡುಕಬೇಕು, ಅದೂ ಊರಿನ ಮಧ್ಯದಲ್ಲೇ. ಫ್ರೀಡಂ ಪಾರ್ಕಿನ ಬಯಲು ರಂಗಮಂದಿರ ಇದೆಯಲ್ಲ.

ಇನ್ನೊಂದು ಭಯ ಜನಸಂದಣಿಯದು, ಅದನ್ನು ಸುಮ್ಮನೆ ತಳ್ಳಿಹಾಕೋಕಾಗಲ್ಲ. 2025ರ ಜೂನ್ 4ರಂದು ಕಬ್ಬನ್ ಪಾರ್ಕಿನ ಪಕ್ಕದಲ್ಲೇ, ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಆ ಮೇಲೆ ಯಾವ ಅಧಿಕಾರಿ ತಾನೇ ಸಹಿ ಹಾಕೋಕೆ ಧೈರ್ಯ ಮಾಡ್ತಾನೆ? ಆದರೆ ಆ ದಿನ ಆದದ್ದೇನು? ಒಂದೇ ದಿನ, ಒಂದೇ ಜಾಗ, ಇಡೀ ಊರು. ಮುಂದಿನ ವಾರ ಮತ್ತೆ ಇರಲ್ಲ ಅನ್ನೋ ಗ್ಯಾರಂಟಿ ಇದ್ದಾಗ ಜನ ನುಗ್ತಾರೆ. ವಾರ ವಾರ, ಹತ್ತಾರು ಪಾರ್ಕುಗಳಲ್ಲಿ, ಮುನ್ನೂರು ಜನ ಸೇರೋ ಕಛೇರಿಗೆ ಯಾರೂ ಗೋಡೆ ಹಾರಿ ಬರಲ್ಲ. ತಪ್ಪಿದರೆ ಮುಂದಿನ ಭಾನುವಾರ ಇದ್ದೇ ಇದೆ.

ಖರ್ಚು? ಒಂದು ಅಂದಾಜು ಹಾಕೋಣ. ಒಂದು ಸಂಜೆಗೆ ಕಲಾವಿದರಿಗೆ ಒಟ್ಟು 50 ಸಾವಿರ, ಸೌಂಡಿಗೆ, ಶುಚಿತ್ವಕ್ಕೆ 20 ಸಾವಿರ. ಮಳೆಗಾಲದ ವಾರಗಳನ್ನು ಬಿಟ್ಟು ವರ್ಷಕ್ಕೆ 40 ಸಂಜೆ. ಒಂದು ಪಾರ್ಕಿಗೆ 28 ಲಕ್ಷ. 2025ರಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿದ್ದಾರೆ. ಪಾಲಿಕೆಗೊಂದು ಪಾರ್ಕು ಅಂದುಕೊಂಡರೆ 1 ಕೋಟಿ 40 ಲಕ್ಷ. ಸುಮಾರು 17 ಸಾವಿರ ಕೋಟಿಯ ಸುರಂಗ ರಸ್ತೆ ಬಗ್ಗೆ ಮುಖ ಗಂಟಿಕ್ಕದೆ ಮಾತಾಡೋ ಊರಿಗೆ ಇದು ಚಿಲ್ಲರೆ. ಹಾಗಂತ ಪ್ರಾಯೋಜಕರು ಬರೋದೇ ಬೇಡ ಅಂತಲ್ಲ. ಬರಲಿ, ಮೂಲೆಯಲ್ಲೊಂದು ಸಣ್ಣ ಬೋರ್ಡ್ ಹಾಕಿಕೊಳ್ಳಲಿ. ಬೇಲಿ ಹಾಕೋ ಹಕ್ಕು, ಯಾರು ಹಾಡಬೇಕು ಅಂತ ಹೇಳೋ ಹಕ್ಕು ಕೊಡಬಾರದು ಅಷ್ಟೇ.

ಹಾಡೋದು ಯಾರು ಅನ್ನೋದೇ ನನಗೆ ಹೆಚ್ಚು ಚಿಂತೆಯ ವಿಷಯ. ಈ ಊರಿಗೆ ಬಯಲಲ್ಲಿ ಕೂತು ಕೇಳೋದು ಹೊಸದಲ್ಲ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೀತಿದೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ರಾಜ್ಯೋತ್ಸವದ ರಸಮಂಜರಿ ಎಲ್ಲ ಬಡಾವಣೆಯಲ್ಲೂ ಇವೆ. ಆದರೆ ಒಂದೊಂದಕ್ಕೂ ಅದರದೇ ಯಜಮಾನರು, ಅದರದೇ ಕೇಳುಗರು. ಶಾಸ್ತ್ರೀಯ ಒಂದು ಕಡೆ, ತಮಟೆ ಇನ್ನೊಂದು ಕಡೆ. ಈ ವಿಂಗಡಣೆ ಹಿಂದೆ ಇರೋ ಜಾತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ದುಡ್ಡಿನ ಪಾರ್ಕಿನ ವೇದಿಕೆಯಾದರೂ ಈ ಗೋಡೆ ದಾಟಬೇಕಾದರೆ, ಆಯ್ಕೆ ಸಮಿತಿಯ ಶಿಫಾರಸು ಪತ್ರಗಳಿಂದ ಆಗಲ್ಲ. ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ದಿನಗಳಿಗೆ ಚೀಟಿ ಎತ್ತಲಿ, ಎಲ್ಲರ ಎದುರಿಗೆ.

ಕೊನೆಗೆ ಹಾಡಿನ ಮಾತು. 2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರೋದು ಫ್ರೀಡಂ ಪಾರ್ಕ್ ಒಂದೇ. ನಾಳೆ ಊರೇ ಸಂಬಳ ಕೊಟ್ಟು ನಡೆಸೋ ಪಾರ್ಕಿನ ವೇದಿಕೆಯಲ್ಲಿ, ಸ್ಲಂ ತೆರವಿನ ಬಗ್ಗೆ ಒಬ್ಬಳು ರ‍್ಯಾಪ್ ಮಾಡಿದರೆ ಅದು ಸಂಗೀತವೋ, ಪ್ರತಿಭಟನೆಯೋ? ಪೌರಕಾರ್ಮಿಕರ ಬಗ್ಗೆ ಯಾರೋ ತಮಟೆ ಬಾರಿಸಿ ಹಾಡಿದರೆ? ಹಾಡಿನ ಸಾಹಿತ್ಯವನ್ನು ಮುಂಚೆಯೇ ತಂದು ತೋರಿಸಿ ಅಂತ ಅನುಮತಿ ಪತ್ರದಲ್ಲಿ ಒಂದು ಸಾಲು ಸೇರಿಸೋದು ಯಾವ ಅಧಿಕಾರಿಗೂ ಕಷ್ಟದ ಕೆಲಸ ಅಲ್ಲ. ಹಾಗಾಗಿ ಉಲ್ಟಾ ಸಾಲನ್ನು ಮೊದಲೇ ಬರೆಸಿಕೊಳ್ಳಬೇಕು: ಸದ್ದಿಗೆ ಮಿತಿ ಇರುತ್ತೆ, ಸಮಯಕ್ಕೆ ಮಿತಿ ಇರುತ್ತೆ, ಹಾಡಿಗೆ ಮುಂಗಡ ಅನುಮತಿ ಇರಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಈ ಊರು ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಕಳೆದಿದೆ. ಐದು ಪಾಲಿಕೆಗಳ ಹೆಸರಲ್ಲಿ ವೋಟು ಕೇಳೋಕೆ ಬರೋರ ಕೈಗೆ, ಮೋರಿ, ರಸ್ತೆಗುಂಡಿಯ ಪಟ್ಟಿ ಜೊತೆಗೆ ಈ ಸಾಲನ್ನೂ ಕೊಟ್ಟು ಕಳಿಸಿ.