ಸುಟ್ಟುಹೋದ ಚಿತ್ರ

ಮೈಸೂರು ಸೀಮೆಯ ಕಾಡನ್ನೂ ಆನೆಗಳನ್ನೂ ಲೋಕಕ್ಕೆಲ್ಲ ತೋರಿಸಿದ ‘ಎಲಿಫೆಂಟ್ ಬಾಯ್’ ಎಂಬ ಚಲಚ್ಚಿತ್ರದ ಹೆಸರನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಅದರ ನಿರ್ದೇಶಕರಲ್ಲೊಬ್ಬನಾದ ರಾಬರ್ಟ್ ಫ್ಲಾಹರ್ಟಿಯ ವಿಚಾರವಾಗಿ ಈ ಸಲ ನಾಲ್ಕು ಮಾತು ಬರೆಯುತ್ತೇವೆ.

ಆತನು 1884ರಲ್ಲಿ ಅಮೆರಿಕಾದ ಮಿಷಿಗನ್ ಪ್ರಾಂತದಲ್ಲಿ ಹುಟ್ಟಿದನು. ತಂದೆಗೆ ಗಣಿಯ ಕೆಲಸ. ಮಗನೂ ಅದೇ ಜಾಡು ಹಿಡಿದು, ಕಬ್ಬಿಣದ ಅದಿರನ್ನು ಹುಡುಕುತ್ತ ಕೆನಡಾದ ಹಡ್ಸನ್ ಕೊಲ್ಲಿಯ ಹಿಮಸೀಮೆಗೆ ಹೋದನು. ಅಲ್ಲಿಯ ಇನ್ಯುಯಿಟ್ ಜನರ ಬಾಳಿಗೆ ಮನಸೋತು, ಅದಿರನ್ನು ಮರೆತು ಕ್ಯಾಮರಾ ಹಿಡಿದನು. ಹೀಗೆ ತೆಗೆದ ಸುಮಾರು 30,000 ಅಡಿ ಫಿಲ್ಮು 1916ರಲ್ಲಿ ಟೊರಾಂಟೊ ನಗರದಲ್ಲಿ, ಅವನದೇ ಕೈಜಾರಿದ ಸಿಗರೇಟಿನಿಂದ ಭಸ್ಮವಾಯಿತು. ಆತನೂ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದನು. ಬೇರೆಯವರಾಗಿದ್ದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ಉಳಿದಿದ್ದ ಒಂದು ಪ್ರತಿಯನ್ನು ಸ್ನೇಹಿತರಿಗೆ ತೋರಿಸಿದಾಗ, ಅವರು ನೋಡಿದ್ದು ಇವನು ಸುತ್ತಿಬಂದ ಸೀಮೆಯನ್ನೇ ಹೊರತು ಆ ಜನರನ್ನಲ್ಲವೆಂಬುದು ಅವನಿಗೆ ಹೊಳೆಯಿತು. ಒಂದೇ ಸಂಸಾರವನ್ನು ಹಿಡಿದು ಅದರ ಬೇಟೆ, ಊಟ, ಮನೆ, ಮಕ್ಕಳನ್ನೇ ತೋರಿಸಬೇಕೆಂದು ನಿಶ್ಚಯಿಸಿ, ತುಪ್ಪಳದ ಚರ್ಮದ ವ್ಯಾಪಾರಿಗಳ ಹಣದಿಂದ 1920ರಲ್ಲಿ ಮತ್ತೆ ಉತ್ತರಕ್ಕೆ ಹೊರಟನು. ತೆಗೆದ ಫಿಲ್ಮನ್ನು ಅಲ್ಲಿಯೇ ತೊಳೆದು ಆ ಜನರಿಗೇ ತೋರಿಸುತ್ತಿದ್ದನು. 1922ರ ‘ನಾನೂಕ್ ಆಫ್ ದಿ ನಾರ್ತ್’ ಹುಟ್ಟಿದುದು ಹೀಗೆ.

ಆದರೆ ಒಂದು ಸಂಗತಿಯನ್ನು ಮರೆಮಾಚಬಾರದು. ಹಿಮದ ಗುಡಿಸಿಲಿನೊಳಗೆ ಬೆಳಕು ಸಾಲದೆಂದು ಅರ್ಧ ಗುಡಿಸಿಲನ್ನೇ ಕಟ್ಟಿಸಿ ಅದರಲ್ಲಿ ಸಂಸಾರವನ್ನು ಮಲಗಿಸಿದನು. ಆ ಸಂಸಾರವೂ ನಿಜವಾಗಿ ಒಂದೇ ಮನೆಯದಲ್ಲ! 1934ರಲ್ಲಿ ಹೊರಬಂದ ಚಿತ್ರಕ್ಕಾಗಿ, ಐರ್ಲೆಂಡಿನ ಅರಾನ್ ದ್ವೀಪದವರು ಎಂದೋ ಮರೆತಿದ್ದ ಷಾರ್ಕು ಬೇಟೆಯನ್ನು ಹೊಸದಾಗಿ ಕಲಿಯುವಂತೆ ಮಾಡಿ, ಅವರನ್ನು ಉಕ್ಕುವ ಕಡಲಿಗೆ ಇಳಿಸಿದನು. ಇದ್ದುದನ್ನು ಇದ್ದಂತೆ ತೋರಿಸಹೊರಟವನು ಹೀಗೆ ಮಾಡಬಹುದೆ? ಹಿಂದಿನವರ ಬಾಳನ್ನು ಉಳಿಸಿಕೊಟ್ಟನೆಂಬ ಸಮಾಧಾನ ನಮಗೆ ಅರ್ಧ ಮಾತ್ರ ಒಪ್ಪಿಗೆ. ಗುಡಿಸಿಲಿನ ವಿಷಯ ಹೋಗಲಿ. ಬಡ ಬೆಸ್ತರ ಪ್ರಾಣವನ್ನು ಪಣವಿಟ್ಟದ್ದು ಸರಿಯಲ್ಲ.

ಮೈಸೂರಿಗೆ ಆತನು ಬಂದುದು 1935ರಲ್ಲಿ. ಹೆಂಡತಿ ಫ್ರಾನ್ಸಿಸಳೂ ಜೊತೆಗಿದ್ದಳು. ಕಿಪ್ಲಿಂಗನ ಕಥೆಯ ಮಾವುತರ ಹುಡುಗನ ಪಾತ್ರಕ್ಕೆ ಸಿಕ್ಕಿದವನು ಕಾರಾಪುರದ ತಬ್ಬಲಿ ಸಾಬು, ಅರಮನೆಯ ಮಾವುತನೊಬ್ಬನ ಮಗ. ತಿಂಗಳುಗಟ್ಟಲೆ ತೆಗೆದದ್ದು ಲಂಡನ್ನಿನ ಮಾಲೀಕರಿಗೆ ಸಾಲಲಿಲ್ಲ. ಜೋಲ್ಟಾನ್ ಕೋರ್ಡಾ ಎಂಬಾತನಿಂದ ಅಲ್ಲಿಯ ಸ್ಟುಡಿಯೋದಲ್ಲಿ ಉಳಿದ ಭಾಗವನ್ನು ತೆಗೆಸಿದರು. 1937ರಲ್ಲಿ ವೆನಿಸ್ಸಿನಲ್ಲಿ ನಿರ್ದೇಶನದ ಬಹುಮಾನ ಇಬ್ಬರಿಗೂ ಬಂದಿತು.

ಫ್ಲಾಹರ್ಟಿ 1951ರಲ್ಲಿ ತೀರಿಕೊಂಡನು. ಅಮೆರಿಕಾದ ಪ್ರಜೆಯಾದ ಸಾಬು 1963ರಲ್ಲಿ, 40 ತುಂಬುವ ಮೊದಲೇ ಕಣ್ಮುಚ್ಚಿದನು. ಮೈಸೂರಿನ ಆ ದಿನಗಳನ್ನು ಫ್ರಾನ್ಸಿಸ್ ಪತ್ರರೂಪದಲ್ಲಿ ಬರೆದಿಟ್ಟ ಪುಸ್ತಕ ‘ಎಲಿಫೆಂಟ್ ಡ್ಯಾನ್ಸ್’. ಇಂಗ್ಲಿಷ್ ಬಲ್ಲ ಸೋದರಿಯರು ಹುಡುಕಿ ಓದಬಹುದು.