ಗೇಟಿನ ಇಂಪಿಡೆನ್ಸ್ ಅನಂತವಲ್ಲ

ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರಿನ ಗೇಟಿಗೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಅದರ ಇನ್‌ಪುಟ್ ಇಂಪಿಡೆನ್ಸ್ ಅನಂತ, ಮೈಕ್ರೋವೇವ್ ಆಂಪ್ಲಿಫೈಯರಿನಲ್ಲೂ ಮ್ಯಾಚಿಂಗ್ ಬೇಕಿಲ್ಲ ಎಂಬ ಪ್ರಕಟಿತ ವಾದ ಪೂರಾ ತಪ್ಪು. ಡಿಸಿಗೆ ಹೊಂದುವ ಮಾತನ್ನು ಅದು ಗಿಗಾಹರ್ಟ್ಸ್‌ಗೆ ಅಂಟಿಸುತ್ತದೆ. ಗೇಟು ಮತ್ತು ಸೋರ್ಸಿನ ನಡುವೆ ಕೆಪಾಸಿಟೆನ್ಸ್ ಇದೆ. ಆವರ್ತನ ಏರಿದಂತೆ ಅದರ ರಿಯಾಕ್ಟೆನ್ಸ್ ಇಳಿಯುತ್ತದೆ. 0.3 ಪಿಕೋಫ್ಯಾರಡ್ ಇರುವ ಗ್ಯಾಲಿಯಂ ಆರ್ಸೆನೈಡ್ ಸಾಧನದಲ್ಲಿ 10 ಗಿಗಾಹರ್ಟ್ಸ್‌ಗೆ ಅದು ಸುಮಾರು 53 ಓಮ್. ಅನಂತವೆಲ್ಲಿ, 53 ಎಲ್ಲಿ! ಗೇಟಿನ ಲೋಹ ಮತ್ತು ಚಾನೆಲ್‌ನ ಕೆಲವೇ ಓಮ್ ರೋಧ ಇದರೊಡನೆ ಸರಣಿಯಲ್ಲಿರುತ್ತದೆ. ಅದು 5 ಓಮ್ ಎಂದುಕೊಂಡರೂ, 50 ಓಮ್ ಲೈನಿಗೆ ನೇರವಾಗಿ ಜೋಡಿಸಿದ ಗೇಟಿಗೆ ಬಂದ ಪವರ್‌ನ ಶೇ 80ಕ್ಕೂ ಹೆಚ್ಚು ಭಾಗ ಪ್ರತಿಫಲಿಸಿ ಹಿಂದಿರುಗುತ್ತದೆ.

ಇಂಡಕ್ಟರ್ ಸೇರಿಸಿ ರಿಯಾಕ್ಟೆನ್ಸನ್ನು ರದ್ದುಮಾಡಬಹುದು, ಆದರೆ ಒಂದು ಆವರ್ತನದ ಸುತ್ತ ಮಾತ್ರ. ರೋಧ ಇಷ್ಟು ಸಣ್ಣದಿರುವಾಗ ಉತ್ತಮ ಮ್ಯಾಚಿಂಗ್ ದೊರೆಯುವ ಆವರ್ತನ ಪಟ್ಟಿ ಕಿರಿದಾಗುವುದನ್ನು ಬೋಡೆ–ಫ್ಯಾನೋ ಮಿತಿ ಗಣಿತದಲ್ಲೇ ತೋರಿಸುತ್ತದೆ.

ಆ ವಾದ ಮರೆತ ಇನ್ನೊಂದು ಮುಖ್ಯ ಅಂಶ ಗೇಟು–ಡ್ರೇನ್ ಕೆಪಾಸಿಟೆನ್ಸ್. ಅದರ ಮೂಲಕ ಔಟ್‌ಪುಟ್ ಲೋಡ್ ಇನ್‌ಪುಟ್ಟಿಗೂ ಕಾಣಿಸುತ್ತದೆ. ಲೋಡ್ ಬದಲಾದರೆ ಇನ್‌ಪುಟ್ ಇಂಪಿಡೆನ್ಸೂ ಬದಲಾಗುತ್ತದೆ. ಡೇಟಾಶೀಟಿನ ಎಸ್11, ಅಂದರೆ ಇನ್‌ಪುಟ್ ಪ್ರತಿಫಲನಾಂಕ, ಸಾಮಾನ್ಯವಾಗಿ 50 ಓಮ್ ಲೋಡ್‌ನೊಂದಿಗೆ ಅಳೆದದ್ದು. ಬೇರೆ ಲೋಡ್ ಇದ್ದಾಗ ಅದನ್ನು ಹಾಗೆಯೇ ಬಳಸುವಂತಿಲ್ಲ.