ಕೊಳಲು ಊದಿದರೆ ಶ್ವಾಸಕೋಶ ಕೆಡುತ್ತದೆಯೇ? ಶಾಲಾ ಬ್ಯಾಂಡಿನ ಮಕ್ಕಳ ವಾದ್ಯದ ಬಗ್ಗೆ ನಿಜ ಎಷ್ಟು, ಸುಳ್ಳು ಎಷ್ಟು

‘ವಾದ್ಯ ಊದುತ್ತಿದ್ದ ವ್ಯಕ್ತಿ ಶ್ವಾಸಕೋಶ ಕೆಟ್ಟು ಸತ್ತ, ಮಕ್ಕಳ ಕೈಗೆ ಕೊಳಲು ಕೊಡಬೇಡಿ.’ ಈ ಅರ್ಥದ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಹಿರೀಸಾವೆಯಂಥ ಊರಿನ ಶಾಲೆಯಲ್ಲಿ ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಬ್ಯಾಂಡಿಗೆ ಸೇರಿದ ಮಗುವಿನ ಅಪ್ಪ ಅಮ್ಮ ಇದನ್ನು ಓದಿದರೆ ಹೆದರುವುದು ಸಹಜ. ಮಗುವನ್ನು ಬ್ಯಾಂಡಿನಿಂದ ಬಿಡಿಸುವ ಮೊದಲು ಈ ಸುದ್ದಿಯ ಮೂಲ ಏನೆಂದು ನೋಡೋಣ.

ಮೂಲದಲ್ಲಿ ನಿಜವೊಂದಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯರು 2016ರಲ್ಲಿ ‘ಥೊರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 61 ವರ್ಷದ ಒಬ್ಬರ ಪ್ರಕರಣ ಬರೆದರು. ಅವರಿಗೆ ವರ್ಷಗಟ್ಟಲೆ ಒಣಕೆಮ್ಮು, ಏದುಸಿರು. ದಿನವೂ ಬ್ಯಾಗ್‌ಪೈಪ್ ಊದುತ್ತಿದ್ದರು. ಆಸ್ಟ್ರೇಲಿಯಾಕ್ಕೆ ಹೋಗಿ ಮೂರು ತಿಂಗಳು ಇದ್ದಾಗ ವಾದ್ಯ ಜೊತೆಗಿರಲಿಲ್ಲ, ಕಾಯಿಲೆ ಇಳಿಯಿತು. ಅನುಮಾನ ಬಂದ ವೈದ್ಯರು ವಾದ್ಯದ ಒಳಭಾಗವನ್ನು ಪರೀಕ್ಷಿಸಿದರೆ ಹಲವು ಬಗೆಯ ಬೂಷ್ಟು ಸಿಕ್ಕಿತು. ಅಷ್ಟರಲ್ಲಿ ಶ್ವಾಸಕೋಶ ತೀರಾ ಹಾಳಾಗಿತ್ತು, ಅವರು ಉಳಿಯಲಿಲ್ಲ. ಬೂಷ್ಟನ್ನು ಬಹುಕಾಲ ಉಸಿರಾಡಿದ್ದೇ ಕಾರಣ ಇರಬಹುದು ಎಂಬುದು ವೈದ್ಯರ ತೀರ್ಮಾನ.

ಈಗ ಬ್ಯಾಗ್‌ಪೈಪಿಗೂ ಕೊಳಲಿಗೂ ಇರುವ ವ್ಯತ್ಯಾಸ ಗಮನಿಸಿ. ಬ್ಯಾಗ್‌ಪೈಪಿನಲ್ಲಿ ಗಾಳಿ ತುಂಬಿದ ಚೀಲವಿರುತ್ತದೆ. ಬಿಸಿ ಉಸಿರು ಅದರೊಳಗೆ ಗಂಟೆಗಟ್ಟಲೆ ನಿಂತು ತೇವವಾಗುತ್ತದೆ, ಊದುವ ನಳಿಗೆ ಬಾಯಿಯೊಳಗೇ ಇರುತ್ತದೆ. ಅಡ್ಡ ಕೊಳಲಿನಲ್ಲಿ ತುಟಿ ರಂಧ್ರದ ಅಂಚಿಗೆ ತಾಗುತ್ತದೆ ಅಷ್ಟೆ. ಊದಿದ ಗಾಳಿಯಲ್ಲಿ ಒಂದು ಪಾಲು ಒಳಗೆ ಹೋಗದೆ ಮೇಲೆಯೇ ಹಾರಿಹೋಗುತ್ತದೆ. ಉಸಿರು ಒಳಗೆಳೆದುಕೊಳ್ಳುವುದು ಕೊಳಲಿನ ಮೂಲಕ ಅಲ್ಲ, ಹೊರಗಿನ ಗಾಳಿಯಿಂದ. ಹಾಗಾಗಿ ಆ ಪ್ರಕರಣವನ್ನು ಹಿಡಿದು ಕೊಳಲಿಗೆ ಹೆದರುವುದರಲ್ಲಿ ಅರ್ಥವಿಲ್ಲ. ಆದರೆ ‘ಒಳಗೆ ತೇವ ಉಳಿದರೆ ಬೂಷ್ಟು ಬರುತ್ತದೆ’ ಎಂಬ ಭಾಗ ಕೊಳಲಿಗೂ ಸಲ್ಲುತ್ತದೆ. ಫಾರ್ವರ್ಡ್ ಹೇಳಬೇಕಿದ್ದ ಮಾತು ಇದೊಂದೇ.

ಆ ತೇವ ಎಲ್ಲಿಂದ ಬರುತ್ತದೆ? ಕೊಳಲಿನ ತುದಿಯಿಂದ ತೊಟ್ಟಿಕ್ಕುವುದೆಲ್ಲ ಎಂಜಲು ಎಂದು ಮಕ್ಕಳು ಅಸಹ್ಯಪಡುತ್ತಾರೆ. ಅದರಲ್ಲಿ ಬಹುಪಾಲು ಬರೀ ನೀರು. ತಣ್ಣಗಿನ ಲೋಟದ ಮೇಲೆ ಹನಿ ಕಟ್ಟುವಂತೆ ಬೆಚ್ಚಗಿನ ಉಸಿರಿನ ಆವಿ ತಣ್ಣಗಿನ ಕೊಳಲಿನೊಳಗೆ ಹನಿಯಾಗುತ್ತದೆ. ಚಳಿ ಹೆಚ್ಚಿದಷ್ಟೂ ನೀರು ಹೆಚ್ಚು. ಊದಿ ಮುಗಿದ ಕೂಡಲೇ ತೆಳು ಕಡ್ಡಿಗೆ ಹಳೇ ಹತ್ತಿ ಬಟ್ಟೆ ಸುತ್ತಿ ಒಳಗೆ ಎರಡು ಸಲ ಎಳೆದರೆ ಕೆಲಸ ಮುಗಿಯಿತು. ಆ ಒದ್ದೆ ಬಟ್ಟೆಯನ್ನು ಮಾತ್ರ ಕೊಳಲಿನ ಚೀಲಕ್ಕೇ ತುರುಕಬಾರದು. ತುಂಬಾ ಮಕ್ಕಳು ಮಾಡುವುದು ಇದನ್ನೇ, ಒರೆಸಿದ್ದೂ ದಂಡವಾಗುತ್ತದೆ.

ಇನ್ನು ಎಣ್ಣೆಯ ವಿಷಯ. ‘ಬಿದಿರಿನ ಕೊಳಲಿಗೆ ವಾರಕ್ಕೊಮ್ಮೆ ಎಣ್ಣೆ ತುಂಬಿಸಿ ಬಿಸಿಲಿಗಿಡಿ’ ಎಂಬ ಸಲಹೆಯಲ್ಲಿ ಅರ್ಧ ಸರಿ, ಅರ್ಧ ಅಪಾಯ. ಬಿದಿರು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದು ನಿಧಾನವಾಗಿ ಆದರೆ ತೊಂದರೆಯಿಲ್ಲ. ಒಮ್ಮೆಲೇ ಆದರೆ ನಾರಿನ ಉದ್ದಕ್ಕೆ ಸೀಳು ಬಿಡುತ್ತದೆ. ಒಳಗೆ ತೆಳುವಾಗಿ ಸವರಿದ ಎಣ್ಣೆ ಈ ಏರಿಳಿತವನ್ನು ನಿಧಾನಗೊಳಿಸುತ್ತದೆ, ಅಷ್ಟೇ ಅದರ ಉಪಯೋಗ. ತುಂಬಿಸಿದರೆ ಧೂಳು ಹಿಡಿದು ರಂಧ್ರದ ಅಂಚು ಅಂಟಂಟಾಗಿ ನಾದ ಮಂಕಾಗುತ್ತದೆ. ಬಿಸಿಲಿಗಿಟ್ಟರೆ ಯಾವುದನ್ನು ತಡೆಯಬೇಕಿತ್ತೋ ಅದನ್ನೇ ಮಾಡಿದ ಹಾಗೆ. ನಮ್ಮದು ತೆಂಗಿನ ಸೀಮೆ, ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಕೊಳಲಿನೊಳಗೆ ಮೇಣದಂಥ ಪದರ ಕೂತರೆ ಆಶ್ಚರ್ಯವಿಲ್ಲ. ಕೆಲವು ತಿಂಗಳಿಗೊಮ್ಮೆ, ಬಟ್ಟೆಗೆ ಎರಡು ಹನಿ ಬಾದಾಮಿ ಅಥವಾ ಸಾಸಿವೆ ಎಣ್ಣೆ ಹಾಕಿ ಒಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಟ್ಟರೆ ಸಾಕು. ಲೋಹದ ಕೊಳಲಿಗಂತೂ ಮನೆಯ ಎಣ್ಣೆ ಬೇಡವೇ ಬೇಡ, ಕೀಲಿಗಳ ಕೆಳಗಿನ ಮೆತ್ತನೆ ಪ್ಯಾಡ್‌ಗಳು ಹಾಳಾಗುತ್ತವೆ.

ಹಾಸನ ಜಿಲ್ಲೆಗೆ ಎರಡು ಮುಖ. ಸಕಲೇಶಪುರದ ಕಡೆ ಮಳೆಗಾಲವಿಡೀ ತೇವ, ಚನ್ನರಾಯಪಟ್ಟಣ, ಹಿರೀಸಾವೆ ಕಡೆ ಬಯಲುಸೀಮೆಯ ಒಣಗಾಳಿ. ಆ ಕಡೆಯಿಂದ ತಂದ ಬಿದಿರಿನ ಕೊಳಲನ್ನು ಮಾರ್ಚ್ ತಿಂಗಳಲ್ಲಿ ಬಸ್ಸಿನ ಕಿಟಕಿ ಪಕ್ಕವೋ ನಿಂತ ಕಾರಿನೊಳಗೋ ಬಿಟ್ಟರೆ ಸೀಳುವ ಸಾಧ್ಯತೆ ಹೆಚ್ಚು. ಕೊಳಲಿನ ಮೇಲೆ ಅಲ್ಲಲ್ಲಿ ಬಿಗಿಯಾಗಿ ಸುತ್ತಿರುವ ದಾರ ಬರೀ ಅಲಂಕಾರವಲ್ಲ, ಸೀಳು ಮುಂದೆ ಓಡದಂತೆ ಹಿಡಿಯುವ ಕಟ್ಟು. ಸಡಿಲವಾದರೆ ಮತ್ತೆ ಸುತ್ತಿಸಿ.

ಜನವರಿ 26ರ ಬೆಳಗ್ಗೆ ಇನ್ನೊಂದು ದೂರು ಕೇಳಿಬರುತ್ತದೆ: ‘ನಿನ್ನೆ ಮಧ್ಯಾಹ್ನ ಸರಿಯಿತ್ತು, ಇವತ್ತು ಕೊಳಲು ಕೆಟ್ಟಿದೆ.’ ಕೆಟ್ಟಿಲ್ಲ, ಗಾಳಿ ತಣ್ಣಗಿದೆ. 15 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, 30 ಡಿಗ್ರಿಯಲ್ಲಿ ಸುಮಾರು 349. ವೇಗ ಇಳಿದರೆ ಕೊಳಲಿನ ಶ್ರುತಿಯೂ ಇಳಿಯುತ್ತದೆ. ಲೆಕ್ಕದ ಪ್ರಕಾರ ಹಾರ್ಮೋನಿಯಂನ ಅಕ್ಕಪಕ್ಕದ ಬಿಳಿ, ಕಪ್ಪು ಮನೆಗಳ ಅಂತರದ ಹತ್ತಿರ ಹತ್ತಿರ ಅರ್ಧದಷ್ಟು. ಉಸಿರು ಕೊಳಲನ್ನು ಬೆಚ್ಚಗೆ ಮಾಡುವುದರಿಂದ ಪೂರ್ತಿ ಅಷ್ಟು ಇಳಿಯುವುದಿಲ್ಲ, ಆದರೂ ಕಿವಿಗೆ ತಿಳಿಯುತ್ತದೆ. ಮೈದಾನಕ್ಕೆ ಇಳಿಯುವ ಮೊದಲು ಬೆರಳುಗಳಿಂದ ರಂಧ್ರ ಮುಚ್ಚಿ, ನಾದ ಬರದ ಹಾಗೆ ನಾಲ್ಕೈದು ನಿಮಿಷ ಬೆಚ್ಚಗಿನ ಉಸಿರು ಬಿಡಿ. ಆಮೇಲೆ ಎಲ್ಲರೂ ಹೊರಗಡೆಯೇ ನಿಂತು ಶ್ರುತಿ ಸೇರಿಸಿಕೊಳ್ಳಿ. ಲೋಹದ ಕೊಳಲಿನಲ್ಲಿ ತಲೆಯ ತುಂಡನ್ನು ಸ್ವಲ್ಪ ಒಳಕ್ಕೆ ತಳ್ಳಿದರೆ ಶ್ರುತಿ ಏರುತ್ತದೆ, ಬಿದಿರಿನಲ್ಲಿ ಆ ಅನುಕೂಲವಿಲ್ಲ. ಕಛೇರಿಗೆ ಹೋಗುವ ವಿದ್ವಾಂಸರು ಬೇರೆ ಬೇರೆ ಶ್ರುತಿಯ ಕೊಳಲುಗಳನ್ನು ಜೊತೆಗೆ ಒಯ್ಯುವುದು ಸುಮ್ಮನೆ ಅಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಛೇರಿಗಳನ್ನು ಕೇಳಿದವರಿಗೆ ಇದು ಗೊತ್ತಿರುತ್ತದೆ.

ಕೊನೆಗೆ, ಶಾಲೆಯಲ್ಲಿ ಎರಡು ಕೊಳಲು, ಊದುವ ಮಕ್ಕಳು ಹತ್ತು ಎಂಬ ಪರಿಸ್ಥಿತಿ. ನಮ್ಮ ಮಟ್ಟಿಗೆ ನಿಜವಾಗಿ ಗಮನ ಕೊಡಬೇಕಾದ ಜಾಗ ಇದು. ಶೀತ, ಬಾಯಿಹುಣ್ಣು ಇರುವ ಮಗು ಆ ವಾರ ಬೇರೆಯವರ ಕೊಳಲು ಮುಟ್ಟದಿರಲಿ. ಕೈ ಬದಲಾಗುವಾಗ ಪ್ರತಿಸಲ ತುಟಿ ತಾಗುವ ಜಾಗವನ್ನು ಮೆಡಿಕಲ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ವಾರ್ನಿಷ್ ಇರುವ ಬಿದಿರಿನಲ್ಲಿ ಸ್ಪಿರಿಟ್ ಬಣ್ಣ ಕೀಳಬಹುದು, ಅದಕ್ಕೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ, ನಂತರ ಒಣಬಟ್ಟೆ. ಪ್ಲಾಸ್ಟಿಕ್ ಕೊಳಲನ್ನು ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದರೂ ಆಗುತ್ತದೆ. ಬಿದಿರನ್ನು ನೆನೆಹಾಕಬೇಡಿ, ಕುದಿಸಬೇಡಿ. ಪರೇಡಿನ ಸಿಹಿ ತಿಂದ ಮೇಲೆ ಬಾಯಿ ಮುಕ್ಕಳಿಸದೆ ಊದಬೇಡಿ. ಮೂಸಿದಾಗ ಮುಗ್ಗಲು ವಾಸನೆ ಬಂದರೆ, ಒಳಗೆ ಕಪ್ಪು ಚುಕ್ಕೆ ಕಂಡರೆ, ಆ ಕೊಳಲನ್ನು ಶುಚಿ ಮಾಡಿ ನೆರಳಿನಲ್ಲಿ ಚೆನ್ನಾಗಿ ಒಣಗಿಸುವವರೆಗೆ ಯಾರಿಗೂ ಕೊಡಬೇಡಿ.

ಮಗುವಿಗೆ ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಕೊಳಲನ್ನು ಬೈಯುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಉಬ್ಬಸಕ್ಕೆ ಇನ್‌ಹೇಲರ್ ತೆಗೆದುಕೊಳ್ಳುವ ಮಗು ‘ಕೊಳಲು ಊದಿದರೆ ಉಬ್ಬಸ ವಾಸಿ’ ಎಂಬ ಇನ್ನೊಂದು ಫಾರ್ವರ್ಡ್ ನಂಬಿ ಅದನ್ನು ಬಿಡುವುದೂ ಬೇಡ. ವೈದ್ಯರನ್ನು ಕೇಳಿ, ಎರಡನ್ನೂ ಮುಂದುವರಿಸಬಹುದು.